ಸುಂಕ ತಪ್ಪಿಸಿ ಬಾಳಿದ ದ್ವೀಪ

ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ, ಭೂಪಟದಲ್ಲಿ ನೋಡಿದರೆ ಒಂದು ಮೆಣಸಿನಕಾಳಿನಷ್ಟು ಕಾಣುವ ದ್ವೀಪವಿದೆ. ಹೆಸರು ಐಲ್ ಆಫ್ ಮ್ಯಾನ್. ಹೆಸರು ಕೇಳಿ ಅಲ್ಲಿ ಬರೀ ಗಂಡಸರದೇ ದರ್ಬಾರು ಅಂದುಕೊಳ್ಳಬೇಡಿ. ಹಾಗಲ್ಲ ಅನ್ನುವುದನ್ನು ಮುಂದೆ ಹೇಳುತ್ತೇನೆ. ಉದ್ದ ಸುಮಾರು 52 ಕಿಲೋಮೀಟರು, ಅಗಲ ಹೆಚ್ಚೆಂದರೆ 22. 2021ರ ಜನಗಣತಿಯ ಪ್ರಕಾರ ಇರುವ ಜನ 84 ಸಾವಿರ. ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲ ಅನ್ನಿ. ಆದರೂ ಈ ಪುಟ್ಟ ದ್ವೀಪಕ್ಕೆ ತನ್ನದೇ ಶಾಸನಸಭೆ, ತನ್ನದೇ ನೋಟು, ತನ್ನದೇ ಅಂಚೆ ಚೀಟಿ ಇವೆ. ಬ್ರಿಟನ್ನಿನ ರಾಜನೇ ಇಲ್ಲಿಗೂ ಒಡೆಯ, ಆದರೆ ದ್ವೀಪ ಬ್ರಿಟನ್ನಿಗೆ ಸೇರಿದ್ದಲ್ಲ. ಇದೇನು ಒಗಟು ಅಂತ ನನಗೂ ಅನ್ನಿಸಿತ್ತು.

ನನ್ನ ತಂಗಿಯ ಗಂಡ ಡಾಕ್ಟರು. ಕೆಲಸದ ಮೇಲೆ ಅಲ್ಲಿನ ಡಗ್ಲಸ್ ಊರಿನಲ್ಲಿದ್ದಾರೆ. ತಂಗಿ ವರ್ಷಗಟ್ಟಲೆ ಕರೆದ ಮೇಲೆ ಹೋಗಿ ಮೂರು ವಾರ ಇದ್ದು ಬಂದೆ. ಹಸಿರು ಗುಡ್ಡ, ಕಲ್ಲಿನ ಬೇಲಿ, ಕುರಿಮಂದೆ, ಬಾಲವೇ ಇಲ್ಲದ ಬೆಕ್ಕು, ಎಲ್ಲವನ್ನೂ ನೋಡಿದೆ. ಎಲ್ಲಿ ಹೋದರೂ ಬಾವುಟದ ಮೇಲೆ ಮಡಿಸಿದ ಮೂರು ಕಾಲುಗಳ ಚಿತ್ರ. ಯಾವ ಕಡೆ ಎಸೆದರೂ ಇದು ನಿಂತೇ ನಿಲ್ಲುತ್ತದೆ ಅನ್ನುವುದು ಅದರ ಅರ್ಥವಂತೆ. ಆದರೆ ಅಕ್ಕಪಕ್ಕದವರ ಜೊತೆ ಮಾತಿಗೆ ಕೂತಾಗ, ಮ್ಯೂಸಿಯಂಗೆ ಹೋದಾಗ, ಮತ್ತೆ ಮತ್ತೆ ಬರುತ್ತಿದ್ದುದು ಒಂದೇ ಕಥೆ. ಅದು ಕಳ್ಳಸಾಗಣೆಯ ಕಥೆ. ಪಕ್ಕದ ಮನೆಯ ವೃದ್ಧೆಯೊಬ್ಬರು ಮಾತ್ರ ಆ ಶಬ್ದವನ್ನೇ ಒಪ್ಪಲಿಲ್ಲ. "ನಮ್ಮ ಹಿರಿಯರು ಕಳ್ಳರಲ್ಲಮ್ಮಾ, ವ್ಯಾಪಾರಸ್ಥರು" ಅಂದರು. ಯಾರ ಮಾತು ಸರಿ? ನೀವೇ ಓದಿ ನೋಡಿ.

ಎರಡು ಹಕ್ಕಿಗೆ ಒಂದು ರಾಜ್ಯ

ಈ ದ್ವೀಪ ಮೊದಲು ನಾರ್ವೆ ದೇಶದ ಕಡಲಿನ ಜನರ ಕೈಯಲ್ಲಿತ್ತು. 1266ರಲ್ಲಿ ನಾರ್ವೆ ಅದನ್ನು ಸ್ಕಾಟ್ಲೆಂಡಿಗೆ ಬಿಟ್ಟುಕೊಟ್ಟಿತು. ಮುಂದಿನ ಶತಮಾನದಲ್ಲಿ ಅದು ಇಂಗ್ಲೆಂಡಿನ ಪಾಲಾಯಿತು. 1405ರಲ್ಲಿ ಇಂಗ್ಲೆಂಡಿನ ದೊರೆ ನಾಲ್ಕನೆಯ ಹೆನ್ರಿ ಇಡೀ ದ್ವೀಪವನ್ನು ಸರ್ ಜಾನ್ ಸ್ಟ್ಯಾನ್ಲಿ ಎಂಬುವರಿಗೆ ಉಂಬಳಿಯ ಹಾಗೆ ಕೊಟ್ಟುಬಿಟ್ಟ. ಪ್ರತಿಯಾಗಿ ಕೇಳಿದ್ದೇನು ಗೊತ್ತೇ? ಇಂಗ್ಲೆಂಡಿನಲ್ಲಿ ಹೊಸ ರಾಜನಿಗೆ ಪಟ್ಟಾಭಿಷೇಕ ಆದಾಗಲೆಲ್ಲ ಎರಡು ಡೇಗೆ ಹಕ್ಕಿ, ಅಷ್ಟೇ! 1821ರವರೆಗೂ ಈ ಕಾಣಿಕೆ ತಪ್ಪದೆ ನಡೆದುಬಂತು.

ಸ್ಟ್ಯಾನ್ಲಿ ಮನೆತನದವರು ಮುನ್ನೂರು ವರ್ಷಕ್ಕೂ ಮೇಲೆ ಇಲ್ಲಿ ಆಳಿದರು. ಹೆಚ್ಚಿನವರು ಇಂಗ್ಲೆಂಡಿನಲ್ಲೇ ಇದ್ದುಕೊಂಡು ಗವರ್ನರನ ಮೂಲಕ ಆಡಳಿತ ನಡೆಸಿದರು. ಆದರೆ ನಾರ್ವೆಯವರ ಕಾಲದಿಂದ ಬಂದ ಶಾಸನಸಭೆಯನ್ನು ಯಾರೂ ತೆಗೆದುಹಾಕಲಿಲ್ಲ. ಅದರ ಹೆಸರು ಟಿನ್‌ವಾಲ್ಡ್. ಸಾವಿರ ವರ್ಷ ತುಂಬಿತು ಅಂತ 1979ರಲ್ಲಿ ದೊಡ್ಡ ಹಬ್ಬ ಮಾಡಿದ್ದಾರೆ. ಈಗಲೂ ಜುಲೈ 5ನೇ ತಾರೀಖು ಸೇಂಟ್ ಜಾನ್ಸ್ ಎಂಬ ಊರಿನಲ್ಲಿ, ನಾಲ್ಕು ಮೆಟ್ಟಿಲಿನ ದಿಬ್ಬದ ಮೇಲಿಂದ, ವರ್ಷದಲ್ಲಿ ಆದ ಹೊಸ ಕಾನೂನುಗಳನ್ನು ಬಯಲಲ್ಲೇ ಸಾರುತ್ತಾರೆ. ಇಂಗ್ಲಿಷಿನಲ್ಲೂ, ಅವರದೇ ಮ್ಯಾಂಕ್ಸ್ ಭಾಷೆಯಲ್ಲೂ. ದಾರಿಗೆ ಜೊಂಡುಹುಲ್ಲು ಹಾಸುತ್ತಾರೆ.

ಈ ಸಭೆಯ ಒಂದು ಭಾಗ ಹೌಸ್ ಆಫ್ ಕೀಸ್. ಸದಸ್ಯರು 24 ಜನ. ನ್ಯಾಯ ಹೇಳುವವರಿಗೆ ಡೀಮ್‌ಸ್ಟರ್ ಅನ್ನುತ್ತಾರೆ. ಅವರ ಪ್ರಮಾಣವಚನ ಕೇಳಿ ನನಗೆ ಬಲು ಇಷ್ಟವಾಯಿತು. ಹೆರಿಂಗ್ ಮೀನಿನ ನಡುಮುಳ್ಳು ಹೇಗೆ ಆ ಕಡೆಗೂ ವಾಲದೆ ಈ ಕಡೆಗೂ ವಾಲದೆ ಮಧ್ಯದಲ್ಲಿರುತ್ತದೋ ಹಾಗೆ ನ್ಯಾಯ ಕೊಡುತ್ತೇನೆ ಅಂತ ಆಣೆ ಮಾಡಬೇಕು. ಹೆರಿಂಗ್ ಅಂದರೆ ನಮ್ಮ ಕರಾವಳಿಯ ಬೂತಾಯಿಯ ಬಳಗದ್ದೇ ಮೀನು. ಬಡವರ ಹೊಟ್ಟೆ ತುಂಬಿಸುತ್ತಿದ್ದುದೂ ಅದೇ, ಆಲೂಗಡ್ಡೆಯ ಜೊತೆ. ಗಂಡಸರು ಮೀನಿಗೆ ಹೋದರೆ ಹೊಲದ ಕೆಲಸದ ಹೊರೆ ಹೆಂಗಸರ ತಲೆಯ ಮೇಲೆ.

ಸುಂಕದ ಸಂದಿಯಲ್ಲಿ

"ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ" ಎಂದು ನಮ್ಮಲ್ಲಿ ಗಾದೆ ಇದೆಯಲ್ಲ, ಮ್ಯಾನ್ ದ್ವೀಪದ ಕಥೆ ಅದಕ್ಕೆ ತಿರುವು ಮುರುವು. ಇಲ್ಲಿ ಸುಂಕದವನೇ ಜನರ ನೆಂಟ!

ಹದಿನೆಂಟನೇ ಶತಮಾನದಲ್ಲಿ ಬ್ರಿಟನ್ನಿಗೆ ಮೇಲಿಂದ ಮೇಲೆ ಯುದ್ಧ. ಯುದ್ಧಕ್ಕೆ ದುಡ್ಡು ಬೇಕು. ಅದಕ್ಕೆ ಚಹಾ, ಬ್ರಾಂದಿ, ರಮ್, ವೈನು, ಹೊಗೆಸೊಪ್ಪು, ಎಲ್ಲದರ ಮೇಲೂ ಭಾರೀ ಸುಂಕ. ಚಹಾದ ಮೇಲಿನ ಸುಂಕ ಕಡೆಕಡೆಗೆ ನೂರಕ್ಕೆ 119ರಷ್ಟಾಯಿತು. ಅಂದರೆ ಮಾಲಿನ ಬೆಲೆಗಿಂತ ಸುಂಕವೇ ಜಾಸ್ತಿ. ಆದರೆ ಮ್ಯಾನ್ ದ್ವೀಪದಲ್ಲಿ ಬ್ರಿಟನ್ನಿನ ಪಾರ್ಲಿಮೆಂಟಿನ ಸುಂಕ ನಡೆಯುತ್ತಿರಲಿಲ್ಲ. ಅಲ್ಲಿ ದ್ವೀಪದ ಒಡೆಯನಿಗೆ ಒಂದಿಷ್ಟು ಸಣ್ಣ ಸುಂಕ ಕಟ್ಟಿದರೆ ಮುಗಿಯಿತು.

ವ್ಯಾಪಾರಸ್ಥರು ಬಿಡುತ್ತಾರೆಯೇ? ಲಿವರ್‌ಪೂಲಿನವರು, ಐರ್ಲೆಂಡಿನವರು, ಸ್ಕಾಟ್ಲೆಂಡಿನವರು ಬಂದು ಡಗ್ಲಸ್, ಪೀಲ್, ರ‍್ಯಾಮ್ಸೆ, ಕ್ಯಾಸಲ್‌ಟೌನ್ ಬಂದರುಗಳಲ್ಲಿ ನೆಲೆ ಹೂಡಿದರು. ಫ್ರಾನ್ಸಿನಿಂದ ಬ್ರಾಂದಿ, ವೆಸ್ಟ್ ಇಂಡೀಸಿನಿಂದ ರಮ್, ಸ್ವೀಡನ್ನು ಹಾಲೆಂಡುಗಳ ಕಡೆಯಿಂದ ಚಹಾ. ಆಗಿನ ಚಹಾ ಚೀನಾದ್ದು, ನಮ್ಮ ಅಸ್ಸಾಮಿನ ತೋಟಗಳು ಇನ್ನೂ ಹುಟ್ಟಿರಲಿಲ್ಲ. ಹಡಗುಗಟ್ಟಲೆ ಮಾಲು ಹಗಲಲ್ಲೇ ಬಂದು ಇಳಿಯುತ್ತಿತ್ತು. ಒಡೆಯನ ಗುಮಾಸ್ತ ಲೆಕ್ಕ ಬರೆದು ಸುಂಕ ಇಸಿದುಕೊಳ್ಳುತ್ತಿದ್ದ. ದ್ವೀಪದ ಕಾನೂನಿನಲ್ಲಿ ಇದರಲ್ಲಿ ಒಂದು ಚೂರೂ ತಪ್ಪಿಲ್ಲ.

ತಪ್ಪು ಶುರುವಾಗುತ್ತಿದ್ದುದು ಆಮೇಲೆ. ದೊಡ್ಡ ಪೀಪಾಯಿಯ ಮಾಲನ್ನು ಒಬ್ಬಾಳು ಹೊರುವಂಥ ಸಣ್ಣ ಪೀಪಾಯಿಗಳಿಗೆ ತುಂಬಿಸುತ್ತಿದ್ದರು. ಕತ್ತಲಾದ ಮೇಲೆ ಚುರುಕಾದ ಸಣ್ಣ ದೋಣಿಗಳು ಅವನ್ನು ಸ್ಕಾಟ್ಲೆಂಡಿನ, ಇಂಗ್ಲೆಂಡಿನ, ವೇಲ್ಸಿನ, ಐರ್ಲೆಂಡಿನ ದಡಕ್ಕೆ ಮುಟ್ಟಿಸುತ್ತಿದ್ದವು. ಅಲ್ಲಿ ಕಾದಿದ್ದವರು ಕುದುರೆಯ ಮೇಲೆ ಹೇರಿಕೊಂಡು ಮಾಯ! ಬೆಳಗಾಗುವ ಹೊತ್ತಿಗೆ ದೋಣಿ ಮತ್ತೆ ದ್ವೀಪದ ಕಡೆ.

ಹೊಗೆಸೊಪ್ಪಿನದು ಇನ್ನೂ ಜಾಣತನದ ಕೆಲಸ. ಬ್ರಿಟನ್ನಿಗೆ ಬಂದ ಹೊಗೆಸೊಪ್ಪನ್ನು ಹೊರದೇಶಕ್ಕೆ ಕಳಿಸಿದರೆ ಕಟ್ಟಿದ ಸುಂಕ ವಾಪಸ್ಸು ಕೊಡುತ್ತಿದ್ದರು. ಮ್ಯಾನ್ ದ್ವೀಪವೂ ಸುಂಕದ ಲೆಕ್ಕಕ್ಕೆ ಹೊರದೇಶವೇ. ಅಲ್ಲಿಗೆ ಕಳಿಸಿದೆವು ಎಂದು ಕಾಗದ ತೋರಿಸಿ ಸುಂಕ ವಾಪಸ್ಸು ಪಡೆಯುವುದು, ಅದೇ ಸೊಪ್ಪನ್ನು ರಾತ್ರಿ ದೋಣಿಯಲ್ಲಿ ತಿರುಗಿ ತಂದು ಮಾರುವುದು. ಸರ್ಕಾರಕ್ಕೆ ಎರಡು ಸಲ ಟೋಪಿ!

ಇದನ್ನೆಲ್ಲ ಕೇಳುವಾಗ ನಮ್ಮಮ್ಮನ ಕಾಲದ ಮಾತು ನೆನಪಾಯಿತು. ಆಗ ನಮ್ಮ ದೇಶದಲ್ಲೂ ಹೊರಗಿನ ಮಾಲಿಗೆ ಭಾರೀ ಸುಂಕ, ಚಿನ್ನಕ್ಕೆ 1968ರಿಂದ 1990ರವರೆಗೆ ಕಟ್ಟುನಿಟ್ಟಿನ ಕಾಯಿದೆ. ಕರಾವಳಿಯ ಊರುಗಳಲ್ಲಿ "ಫಾರಿನ್ ಮಾಲು" ಅಂತ ಪಿಸುಮಾತಿನಲ್ಲಿ ಕೈಗಡಿಯಾರ, ಟ್ರಾನ್ಸಿಸ್ಟರು, ನೈಲಾನ್ ಸೀರೆ ಮಾರುತ್ತಿದ್ದರಂತೆ. ಕೊಳ್ಳುತ್ತಿದ್ದವರು ಮರ್ಯಾದಸ್ಥ ಸಂಸಾರಿಗಳೇ. ಬ್ರಿಟನ್ನಿನಲ್ಲೂ ಹಾಗೇ. ಪಾದ್ರಿಯ ಮನೆಯಲ್ಲೂ, ಜಮೀನುದಾರನ ಮನೆಯಲ್ಲೂ ಕಳ್ಳ ಚಹಾ ಕುದಿಯುತ್ತಿತ್ತು. ಬೆಲೆಯಲ್ಲಿ ಅಷ್ಟು ಅಂತರವಿದ್ದರೆ ಸಂಸಾರಸ್ಥೆ ಎರಡು ಕಾಸು ಉಳಿಸಲು ನೋಡದೆ ಇರುತ್ತಾಳೆಯೇ ಹೇಳಿ!

ನಮ್ಮ ದೇಶದ ಬಟ್ಟೆಯೂ ಅಲ್ಲಿತ್ತು

ಆದರೆ ಅಗ್ಗದ ಮಾಲಿನ ಇನ್ನೊಂದು ಮುಖ ನೋಡಿ. ಡಗ್ಲಸ್ಸಿನ ಉಗ್ರಾಣಗಳಲ್ಲಿ ಬ್ರಾಂದಿ, ಚಹಾದ ಜೊತೆಗೆ ಭಾರತದ ಹತ್ತಿಬಟ್ಟೆಯ ಮೂಟೆಗಳೂ ಇದ್ದವು. ನಮ್ಮ ನೇಕಾರರು ನೇಯ್ದ ಬಟ್ಟೆ, ಹಾಲೆಂಡಿನ ವ್ಯಾಪಾರಸ್ಥರ ಕೈದಾಟಿ ಇಲ್ಲಿಗೆ ಬರುತ್ತಿತ್ತು. ಜೊತೆಗೆ ಕವಡೆ, ಮಣಿ, ಮದ್ದುಗುಂಡು. ಇದಕ್ಕೆಲ್ಲ "ಗಿನಿ ಮಾಲು" ಎಂದು ಹೆಸರು. ಗಿನಿ ಅಂದರೆ ಆಫ್ರಿಕಾದ ಪಶ್ಚಿಮ ಕರಾವಳಿ.

ಲಿವರ್‌ಪೂಲಿನಿಂದ ಹೊರಟ ಹಡಗುಗಳು ಡಗ್ಲಸ್ಸಿನಲ್ಲಿ ನಿಂತು, ಸುಂಕವಿಲ್ಲದ ಈ ಮಾಲನ್ನು ತುಂಬಿಕೊಂಡು ಆಫ್ರಿಕಾಕ್ಕೆ ಹೋಗುತ್ತಿದ್ದವು. ಅಲ್ಲಿ ಬಟ್ಟೆ, ಕವಡೆ ಕೊಟ್ಟು ಕೊಳ್ಳುತ್ತಿದ್ದುದು ಮನುಷ್ಯರನ್ನು. ಗಂಡಸರು, ಹೆಂಗಸರು, ಮಕ್ಕಳು. ಅವರನ್ನು ಹಡಗಿನ ಹೊಟ್ಟೆಯಲ್ಲಿ ತುಂಬಿ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಿಗೆ ಮಾರುತ್ತಿದ್ದರು. ಅವರು ಬೆಳೆದ ಕಬ್ಬಿನ ರಮ್ ತಿರುಗಿ ಮ್ಯಾನ್ ದ್ವೀಪಕ್ಕೇ ಬರುತ್ತಿತ್ತು.

ಈ ಸಂಗತಿ ತಿಳಿದ ದಿನ ನನಗೆ ಊಟ ರುಚಿಸಲಿಲ್ಲ. ನೇಯ್ದ ನಮ್ಮವರಿಗೆ ಆ ಬಟ್ಟೆ ಎಲ್ಲಿಗೆ ಹೋಯಿತು, ಏನಾಯಿತು ಅನ್ನುವ ಸುಳಿವೇ ಇರಲಾರದು. ಪೀಪಾಯಿ ಹೊತ್ತ ದ್ವೀಪದ ಬಡವನಿಗೂ ಅಷ್ಟೇ. ಲೆಕ್ಕ ಗೊತ್ತಿದ್ದುದು ಬಂದರಿನ ದೊಡ್ಡ ಮನೆಗಳವರಿಗೆ.

ಹೆಂಗಸಿಗೆ ಅರ್ಧ ಪಾಲು, ಹೆಂಗಸಿಗೇ ಶಿಕ್ಷೆ

ಸಂಸಾರದ ವಿಷಯದಲ್ಲಿ ಈ ದ್ವೀಪದ ಹಳೆಯ ಕಟ್ಟಳೆಗಳು ಸ್ವಾರಸ್ಯವಾಗಿವೆ. 1698ರಿಂದ 1755ರವರೆಗೆ ಇಲ್ಲಿ ಬಿಷಪ್ ಆಗಿದ್ದ ಥಾಮಸ್ ವಿಲ್ಸನ್ ಅವನ್ನು ಬರೆದಿಟ್ಟಿದ್ದಾರೆ. ಗಂಡ ಬದುಕಿರುವಾಗಲೇ ಹೆಂಡತಿ ಮನೆಯ ಸೊತ್ತಿನ ಅರ್ಧಕ್ಕೆ ತನ್ನ ಹೆಸರಿನಲ್ಲಿ ಉಯಿಲು ಬರೆಯಬಹುದಿತ್ತು. ಉತ್ತರದ ಕಡೆಯ ಆರು ಪ್ಯಾರಿಷ್‌ಗಳಲ್ಲಿ ಮಾತ್ರ, ಮಕ್ಕಳಾಗಿದ್ದವಳಿಗೆ ಮೂರರಲ್ಲಿ ಒಂದು ಪಾಲು. ಈ ವ್ಯತ್ಯಾಸ ಏಕೆ ಎಂದರೆ, ಹಿಂದೆ ಒಂದು ಕಾಳಗದಲ್ಲಿ ದಕ್ಷಿಣದ ಹೆಂಗಸರು ಗಂಡಂದಿರ ಜೊತೆ ನಿಂತು ಹೋರಾಡಿದರು, ಅದಕ್ಕೆ ಸಿಕ್ಕಿದ ಬಹುಮಾನ ಎಂದು ಪ್ರತೀತಿ. ಇಂಗ್ಲೆಂಡಿನ ಹೆಂಡತಿಯರಿಗೆ ತಮ್ಮ ಸೊತ್ತಿನ ಮೇಲೆ ಪೂರ್ತಿ ಹಕ್ಕು ಬಂದದ್ದು 1882ರ ಕಾಯಿದೆಯಿಂದ ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಆದರೆ ಅದೇ ವಿಲ್ಸನ್ನರ ಕಾಲದಲ್ಲಿ ಚರ್ಚಿನ ಕಟ್ಟು ಬಹಳ ಬಿಗಿ. ತಪ್ಪು ಮಾಡಿದವರು ಬಿಳಿಯ ಬಟ್ಟೆ ಹೊದ್ದು ಜನರೆದುರು ನಿಲ್ಲಬೇಕು. ಮದುವೆಯಾಗದೆ ಮಕ್ಕಳನ್ನು ಹೆತ್ತ ಕ್ಯಾಥರೀನ್ ಕಿನ್ರೇಡ್ ಎಂಬ, ಬುದ್ಧಿಯೂ ಸ್ಥಿಮಿತದಲ್ಲಿಲ್ಲದ ಬಡವಿಯನ್ನು ಪೀಲ್ ಊರಿನಲ್ಲಿ ಸಂತೆಯ ದಿನ ದೋಣಿಯ ಹಿಂದೆ ಕಟ್ಟಿ ಸಮುದ್ರದಲ್ಲಿ ಎಳೆಸಲು 1713ರಲ್ಲಿ ಅಪ್ಪಣೆಯಾಯಿತು. ಅದೇ ಕಡಲಿನಲ್ಲಿ ಕಳ್ಳಮಾಲಿನ ದೋಣಿಗಳು ಹೋಗಿಬರುತ್ತಿದ್ದವು. ಅದು ವ್ಯಾಪಾರ. ಇವಳದು ಪಾಪ. ಹೆರಿಂಗ್ ಮೀನಿನ ನಡುಮುಳ್ಳಿನಂಥ ನ್ಯಾಯ ಆ ದಿನ ಎಲ್ಲಿಗೆ ಹೋಗಿತ್ತೋ!

ಇನ್ನೊಂದು ವಿಚಿತ್ರ. 1737ರ ಒಂದು ಕಾಯಿದೆಯಿಂದಾಗಿ, ಹೊರಗೆ ಮಾಡಿದ ಸಾಲಕ್ಕೆ ದ್ವೀಪದಲ್ಲಿ ಯಾರನ್ನೂ ಹಿಡಿಯುವ ಹಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಸಾಲ ಮಾಡಿ ಮುಳುಗಿದ ಸಾಹೇಬರು ಇಲ್ಲಿಗೆ ಬಂದು ಅಗ್ಗದ ಮದ್ಯ ಕುಡಿಯುತ್ತ ಹಾಯಾಗಿದ್ದರು. ಈ ರಿಯಾಯಿತಿ 1814ರವರೆಗೂ ಇತ್ತು.

ಜನರನ್ನು ಕೇಳದೆ ಮಾರಿದರು

1736ರಲ್ಲಿ ಸ್ಟ್ಯಾನ್ಲಿ ಮನೆತನದ ಆ ಶಾಖೆಗೆ ವಾರಸುದಾರರಿಲ್ಲದೆ, ದ್ವೀಪ ಸ್ಕಾಟ್ಲೆಂಡಿನ ಅಥಾಲ್ ಡ್ಯೂಕ್ ಮನೆತನಕ್ಕೆ ಹೋಯಿತು. 1764ರಲ್ಲಿ ಅದು ಆ ಮನೆಯ ಮಗಳು ಷಾರ್ಲೆಟ್‌ಗೆ ಬಂತು. ಬ್ರಿಟನ್ನಿನ ಸರ್ಕಾರ ಬಹಳ ದಿನದಿಂದ ಹೊಂಚುಹಾಕುತ್ತಿತ್ತು. ದ್ವೀಪವನ್ನು ಕೊಂಡುಕೊಳ್ಳಲು 1726ರಲ್ಲೇ ಪಾರ್ಲಿಮೆಂಟು ಅನುಮತಿ ಕೊಟ್ಟಿತ್ತು. ಈಗ ಒತ್ತಡ ಹಾಕಿತು. 1765ರಲ್ಲಿ ಷಾರ್ಲೆಟ್ ಮತ್ತು ಅವರ ಗಂಡ ಮೂರನೆಯ ಡ್ಯೂಕ್ 70 ಸಾವಿರ ಪೌಂಡಿಗೆ ದ್ವೀಪದ ಒಡೆತನ ಮತ್ತು ಸುಂಕದ ಹಕ್ಕನ್ನು ಬಿಟ್ಟುಕೊಟ್ಟರು. ಜೊತೆಗೆ ಜೀವಮಾನಕ್ಕೆ ವರ್ಷಕ್ಕೆ 2 ಸಾವಿರ ಪೌಂಡ್ ವರ್ಷಾಶನ. ಆ ವರ್ಷ ಜುಲೈ 11ರಂದು ಕ್ಯಾಸಲ್ ರಶೆನ್ ಕೋಟೆಯ ಮೇಲಿಂದ ಡ್ಯೂಕರ ಬಾವುಟ ಇಳಿಯಿತು, ಬ್ರಿಟಿಷ್ ಬಾವುಟ ಏರಿತು. ಮಾರಾಟದ ಮಾತುಕತೆ ಮುಗಿಯುವವರೆಗೆ ಹೌಸ್ ಆಫ್ ಕೀಸ್‌ನ 24 ಜನರನ್ನಾಗಲಿ ಸಾಮಾನ್ಯ ಜನರನ್ನಾಗಲಿ ಯಾರೂ ಒಂದು ಮಾತು ಕೇಳಲಿಲ್ಲ. ಮನೆ ಮಾರುವಾಗ ಕೊಟ್ಟಿಗೆಯ ದನಗಳನ್ನು ಕೇಳುತ್ತಾರೆಯೇ, ಹಾಗೆ.

ಜೊತೆಗೆ ಇನ್ನೊಂದು ಕಾಯಿದೆ ಬಂತು. ಬ್ರಿಟನ್ನಿನ ಸುಂಕದ ಅಧಿಕಾರಿಗಳು ಇನ್ನು ಮೇಲೆ ದ್ವೀಪದ ಬಂದರಿನೊಳಗೇ ಹಡಗು ಶೋಧಿಸಬಹುದು. ಜನ ಅದಕ್ಕೆ ಇಟ್ಟ ಹೆಸರು "ಕಿಡಿಗೇಡಿ ಕಾಯಿದೆ".

ವ್ಯಾಪಾರ ನಿಂತುಹೋಯಿತು. ದುಡ್ಡಿದ್ದ ವ್ಯಾಪಾರಸ್ಥರು ಗಂಟುಮೂಟೆ ಕಟ್ಟಿಕೊಂಡು ಬೇರೆ ಬಂದರು ಹುಡುಕಿಕೊಂಡರು. ಉಳಿದವರು ಪೀಪಾಯಿ ಮಾಡುವವರು, ಕೂಲಿಗಳು, ದೋಣಿ ನಡೆಸುವವರು, ಅವರ ಹೆಂಡತಿ ಮಕ್ಕಳು. ಹೊಸ ಒಡೆಯರು ಸುಂಕ ವಸೂಲು ಮಾಡಿದರೇ ಹೊರತು ಬಂದರಿನ ದುರಸ್ತಿಗೆ ಕೈ ಹಾಕಲಿಲ್ಲ. 1786ರಲ್ಲಿ ಬಿರುಗಾಳಿಗೆ ಡಗ್ಲಸ್ ಬಂದರಿನ ದೀಪಸ್ತಂಭ ಬಿದ್ದುಹೋಯಿತು. ಮತ್ತೆ ಕಟ್ಟಲಿಲ್ಲ, ಒಂದು ಕಂಬಕ್ಕೆ ಲಾಟೀನು ತೂಗುಹಾಕಿದರು. ಮರುವರ್ಷ ಸೆಪ್ಟೆಂಬರಿನ ಒಂದು ರಾತ್ರಿ, ಹೆರಿಂಗ್ ದೋಣಿಗಳೆಲ್ಲ ಬಿರುಗಾಳಿಗೆ ಸಿಕ್ಕಿ ಬಂದರಿಗೆ ಓಡಿಬರುವಾಗ ಆ ಲಾಟೀನಿನ ಕಂಬವೂ ಉರುಳಿತು. ಕಗ್ಗತ್ತಲಲ್ಲಿ ದಾರಿ ಕಾಣದೆ ದೋಣಿಗೆ ದೋಣಿ ಬಡಿದು ಒಡೆದವು. ದಡದಲ್ಲಿ ಕಾದು ನಿಂತ ಹೆಂಗಸರ ಕಣ್ಣೆದುರೇ ಮನೆಯ ಗಂಡಸರು ನೀರುಪಾಲಾದರು. ಊರು ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಹೊಸ ಕಟ್ಟೆಯ ಕೆಲಸ ಶುರುವಾದದ್ದು 1793ರಲ್ಲಿ.

ಅಥಾಲ್ ಮನೆತನಕ್ಕೆ ಮಾತ್ರ ನಷ್ಟವಾಗಲಿಲ್ಲ. ಮೊದಲು ಕೊಟ್ಟದ್ದು ಸಾಲದು ಎಂದು ನಾಲ್ಕನೆಯ ಡ್ಯೂಕ್ ಗೋಗರೆದು ಗೋಗರೆದು, ಉಳಿದ ಹಕ್ಕುಗಳಿಗಾಗಿ 1828ರಲ್ಲಿ ಮತ್ತೆ 4,17,144 ಪೌಂಡ್ ಪಡೆದರು.

ಹಾಗಾದರೆ ಕಳ್ಳಸಾಗಣೆ ನಿಂತಿತೇ? ಇಲ್ಲ, ಊರು ಬದಲಾಯಿಸಿತು. ಗರ್ನ್‌ಸಿ ಮುಂತಾದ ಬೇರೆ ಜಾಗಗಳಿಂದ ನಡೆಯಿತು. ಚಹಾದ ಕಳ್ಳವ್ಯಾಪಾರಕ್ಕೆ ನಿಜವಾಗಿ ಪೆಟ್ಟು ಬಿದ್ದದ್ದು 1784ರಲ್ಲಿ, ಪ್ರಧಾನಿ ವಿಲಿಯಂ ಪಿಟ್ ಸುಂಕವನ್ನು ನೂರಕ್ಕೆ 119ರಿಂದ ಹನ್ನೆರಡೂವರೆಗೆ ಇಳಿಸಿದಾಗ. ಅಂಗಡಿಯಲ್ಲೇ ಅಗ್ಗವಾಗಿ ಸಿಕ್ಕರೆ ಕತ್ತಲಲ್ಲಿ ಕೊಳ್ಳುವವರು ಯಾರು? ಕಾವಲಿನ ಹಡಗುಗಳು ಮಾಡಲಾಗದ್ದನ್ನು ಒಂದು ಬೆಲೆಪಟ್ಟಿ ಮಾಡಿತು.

ಕಡೆಗೆ ಬಂದ ಓಟು

ಮಾರಾಟವಾದರೂ ಟಿನ್‌ವಾಲ್ಡ್ ಉಳಿಯಿತು, ಸುಂಕದ ಬೊಕ್ಕಸ ಮಾತ್ರ ಕೈತಪ್ಪಿತು. ಹೌಸ್ ಆಫ್ ಕೀಸ್‌ನಲ್ಲೂ ಹುಳುಕಿತ್ತು. ಒಬ್ಬ ಸದಸ್ಯ ಹೋದರೆ ಉಳಿದವರೇ ಹೆಸರು ಸೂಚಿಸಿ ತುಂಬಿಕೊಳ್ಳುತ್ತಿದ್ದರು, ಜನರ ಓಟಿಲ್ಲ. ಇದನ್ನು ಟೀಕಿಸಿದ ಪತ್ರಿಕೆಯ ಸಂಪಾದಕ ಜೇಮ್ಸ್ ಬ್ರೌನ್ ಅವರನ್ನು 1864ರಲ್ಲಿ ಕೀಸ್‌ನವರೇ ಜೈಲಿಗೆ ಹಾಕಿಸಿದರು. ಲಂಡನ್ನಿನ ನ್ಯಾಯಾಲಯ ಅವರನ್ನು ಬಿಡಿಸಿತು, ಪರಿಹಾರವೂ ಸಿಕ್ಕಿತು. 1866ರಲ್ಲಿ ಕಾಯಿದೆಯಾಗಿ, ಸುಂಕದ ಹಣದಲ್ಲಿ ಒಂದು ಪಾಲು ದ್ವೀಪದ ಕೆಲಸಕ್ಕೇ ಸಿಗುವ ಏರ್ಪಾಡಾಯಿತು. ಅದರ ಜೊತೆಗೇ ಜನ ಓಟು ಹಾಕಿ ಸದಸ್ಯರನ್ನು ಆರಿಸುವ ಪದ್ಧತಿಯೂ ಬಂತು.

ಇನ್ನು ನಾನು ಮೊದಲೇ ಹೇಳುತ್ತೇನೆ ಎಂದಿದ್ದ ಮಾತು. 1881ರ ಮಾರ್ಚಿನ ಚುನಾವಣೆಯಲ್ಲಿ, ಸ್ವಂತ ಆಸ್ತಿಯಿದ್ದ ವಿಧವೆಯರು ಮತ್ತು ಅವಿವಾಹಿತೆಯರು ಇಲ್ಲಿ ಓಟು ಹಾಕಿದರು. ಎಲ್ಲ ಹೆಂಗಸರಿಗೂ ಓಟು ಕೊಟ್ಟ ನ್ಯೂಜಿಲೆಂಡ್ ಕೂಡ ಹಾಗೆ ಮಾಡಿದ್ದು 1893ರಲ್ಲಿ. ಮದುವೆಯಾದವರಿಗೆ ಇಲ್ಲ ಅನ್ನುವುದು ದೊಡ್ಡ ಕೊರತೆಯೇ. ಎಲ್ಲ ಹೆಂಗಸರಿಗೂ ಓಟು ಬರಲು 1919ರವರೆಗೆ ಕಾಯಬೇಕಾಯಿತು. ಆದರೂ ಇಂಗ್ಲೆಂಡಿನ ಹೆಂಗಸರಿಗೆ ಓಟು ಬೇಕೆಂದು ಬೀದಿಗಿಳಿದು ಹೋರಾಡಿದ ಎಮಲೀನ್ ಪ್ಯಾಂಕ್‌ಹರ್ಸ್ಟ್ ಅವರ ತಾಯಿಯ ತವರು ಇದೇ ದ್ವೀಪ ಎಂದು ತಿಳಿದಾಗ ಏನೋ ಒಂದು ಸಂತೋಷವಾಯಿತು.

ಪಕ್ಕದ ಮನೆಯ ಅಜ್ಜಿಯ ಮಾತಿಗೆ ನಾನು ಏನನ್ನಲಿ? ಪೀಪಾಯಿ ಹೊತ್ತ ಬಡವನನ್ನು ಕಳ್ಳ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅಗ್ಗದ ಮಾಲಿನ ಬಾಕಿ ಬೆಲೆಯನ್ನು ಎಲ್ಲೋ ಯಾರೋ ತೆತ್ತೇ ತೆತ್ತಿರುತ್ತಾರೆ. ಈ ಕಥೆಯಲ್ಲಿ ತೆತ್ತವರು ಆಫ್ರಿಕಾದ ಆ ತಾಯಂದಿರು, ಆಮೇಲೆ ಡಗ್ಲಸ್ಸಿನ ದಡದಲ್ಲಿ ನಿಂತ ಈ ಹೆಂಗಸರು.

ಹೋಗುವವರಿಗೆ

ನಿಮ್ಮ ಮಕ್ಕಳೋ ನೆಂಟರೋ ಇಂಗ್ಲೆಂಡಿನಲ್ಲಿದ್ದರೆ ನಾಲ್ಕು ದಿನಕ್ಕೆ ಹೋಗಿಬರಬಹುದು. ಬೇಸಿಗೆಯಲ್ಲಿ ಲಿವರ್‌ಪೂಲಿನಿಂದ ಹಡಗಿದೆ, ವಿಮಾನವೂ ಇದೆ. ಜುಲೈನಲ್ಲೂ ಚಳಿಗಾಳಿ, ಸ್ವೆಟರು ಮರೆಯಬೇಡಿ. ಡಗ್ಲಸ್ಸಿನಿಂದ ಕ್ಯಾಸಲ್‌ಟೌನಿಗೆ 1874ರಲ್ಲಿ ಶುರುವಾದ ಉಗಿ ರೈಲಿದೆ. ಅಲ್ಲಿ ಕೋಟೆ ನೋಡಿ, ಅದರ ಗಡಿಯಾರಕ್ಕೆ ಒಂದೇ ಮುಳ್ಳು! ರಸ್ತೆಯಲ್ಲಿ ಹೋದರೆ ಒಂದು ಸಣ್ಣ ಸೇತುವೆ ಸಿಗುತ್ತದೆ, ಅಲ್ಲಿ ಕಿನ್ನರಿಯರಿಗೆ ನಮಸ್ಕಾರ ಹೇಳದೆ ದಾಟಬಾರದು ಎಂದು ನಂಬಿಕೆ. ಬಸ್ಸಿನಲ್ಲಿದ್ದವರೆಲ್ಲ ಹೇಳುತ್ತಾರೆ, ನಾನೂ ಹೇಳಿದೆ.

ಶಾಕಾಹಾರಿಗಳಿಗೆ ಅಲ್ಲಿ ಸಿಗುವ ಒಳ್ಳೆಯ ತಿಂಡಿ ಬಾನಗ್. ತಂಗಿ ಕಲಿಸಿಕೊಟ್ಟಳು, ಸುಲಭ. ಎರಡು ಬಟ್ಟಲು ಮೈದಾಕ್ಕೆ ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಮೂರು ಚಮಚ ಸಕ್ಕರೆ, ಒಂದು ದೊಡ್ಡ ಚಮಚ ಬೆಣ್ಣೆ, ಒಂದು ಹಿಡಿ ಒಣದ್ರಾಕ್ಷಿ ಹಾಕಿ ಕೈಯಿಂದ ಉದುರುದುರಾಗಿ ಬೆರೆಸಿ. ಹುಳಿ ಮಜ್ಜಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಮೆತ್ತಗೆ ಕಲಸಿ, ದುಂಡಗೆ ತಟ್ಟಿ, 180 ಡಿಗ್ರಿ ಓವನ್ನಿನಲ್ಲಿ ಸುಮಾರು 40 ನಿಮಿಷ ಬೇಯಿಸಿ. ಬಿಸಿಯಿರುವಾಗಲೇ ಹೋಳು ಮಾಡಿ ಬೆಣ್ಣೆ ಸವರಿ. ಜೊತೆಗೆ ಚಹಾ ಇರಲೇಬೇಕು. ಸುಂಕ ಕಟ್ಟಿದ್ದೇ ಆಗಲಿ!